ಮರಿಗೆ ಕ್ವಾರಂಟೈನ್ ಇದೆಯಾ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ನನ್ನ ತಮ್ಮ ಐದು ವರ್ಷದಿಂದ ಜರ್ಮನಿಯಲ್ಲಿದ್ದ. ಈಗ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೇ ಬರುತ್ತಿದ್ದಾನೆ. ಅಲ್ಲಿ ಉದ್ದ ಕೂದಲಿನ ಜರ್ಮನ್ ಶೆಫರ್ಡ್ ಮರಿ ಒಂದನ್ನು ಗೊತ್ತು ಮಾಡಿದ್ದಾನೆ, ಫೆಬ್ರವರಿ 10ಕ್ಕೆ ಹುಟ್ಟಿದ್ದು. ಏಪ್ರಿಲ್ 20ಕ್ಕೆ ಟಿಕೆಟ್ ಆಗಿದೆ, ಜೊತೆಗೇ ತರುತ್ತೇನೆ ಅಂತಾನೆ. ಆದರೆ ಇಲ್ಲಿ ಪರಿಚಯದವರೊಬ್ಬರು 30 ದಿನ ಕ್ವಾರಂಟೈನ್‌ನಲ್ಲಿ ಇಡುತ್ತಾರೆ, ಮರಿ ಉಳಿಯುವುದೇ ಕಷ್ಟ, ತನಗೆ ಗೊತ್ತಿರುವವರಿದ್ದಾರೆ, ಸ್ವಲ್ಪ ಖರ್ಚು ಮಾಡಿದರೆ ಬಿಡಿಸಿಕೊಡಬಹುದು ಅಂತಿದ್ದಾರೆ. ಅಮ್ಮ ಬೇಡವೇ ಬೇಡ ಅಂತ ಕೂತಿದ್ದಾರೆ. ನಿಜ ಏನು? ಸೀದಾ ಶಿವಮೊಗ್ಗ ಏರ್‌ಪೋರ್ಟಿಗೇ ಇಳಿಸಬಹುದಾ? ಮನೆಯಲ್ಲಿ ಕರಿಯ ಅಂತ ಒಂದು ನಾಟಿ ನಾಯಿಯೂ ಇದೆ.

ಉತ್ತರ: ಕ್ವಾರಂಟೈನ್ ವಿಷಯ ಆಮೇಲೆ. ಮೊದಲು ತಮ್ಮನಿಗೆ ಫೋನ್ ಮಾಡಿ ಆ ಟಿಕೆಟ್ ಮುಂದಕ್ಕೆ ಹಾಕಿಸಿ. ಏಪ್ರಿಲ್ 20ಕ್ಕೆ ಆ ಮರಿ ಭಾರತಕ್ಕೆ ಬರುವುದು ಸಾಧ್ಯವೇ ಇಲ್ಲ. ಯಾರಿಗೆ ಎಷ್ಟು ಖರ್ಚು ಮಾಡಿದರೂ ಇಲ್ಲ.

ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದುಕೊಳ್ಳಿ, ಒಟ್ಟಿಗೆ ಎಣಿಸೋಣ. ಮರಿ ಹುಟ್ಟಿದ್ದು ಫೆಬ್ರವರಿ 10. ಜರ್ಮನಿಯಲ್ಲಿ ಎಂಟು ವಾರ ಆಗುವವರೆಗೆ ಮರಿಯನ್ನು ತಾಯಿಯಿಂದ ಬೇರೆ ಮಾಡುವ ಹಾಗಿಲ್ಲ, ಅಲ್ಲಿಗೆ ಏಪ್ರಿಲ್ 7 ಆಯಿತು. ರೇಬೀಸ್ ಚುಚ್ಚುಮದ್ದು 12 ವಾರ ತುಂಬಿದ ಮೇಲೆ. ಅದಕ್ಕಿಂತ ಮೊದಲು ಚುಚ್ಚಿಸಿದರೆ ಪ್ರಯಾಣದ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ತಾಯಿಯ ಹಾಲಿನಿಂದ ಬಂದ ಶಕ್ತಿ ಮರಿಯ ಮೈಯಲ್ಲಿ ಇನ್ನೂ ಇರುತ್ತದೆ, ಅದೇ ಲಸಿಕೆಯನ್ನು ಹೊಡೆದು ಹಾಕಿಬಿಡುತ್ತದೆ. 12 ವಾರ ಅಂದರೆ ಮೇ 5. ಇನ್ನು ನಮ್ಮ ದೇಶದ ನಿಯಮ ಏನು ಹೇಳುತ್ತದೆ ಅಂದರೆ, ರೇಬೀಸ್ ಲಸಿಕೆ ಹಾಕಿಸಿ 30 ದಿನ ದಾಟಿರಬೇಕು, ಆದರೆ ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಮೇ 5ಕ್ಕೆ 30 ದಿನ ಸೇರಿಸಿದರೆ ಜೂನ್ 4. ಹಾಗಾಗಿ ಜೂನ್ 5ಕ್ಕಿಂತ ಮೊದಲಿನ ಯಾವ ವಿಮಾನವೂ ಈ ಮರಿಗೆ ಇಲ್ಲ. ಏಪ್ರಿಲ್ 20ಕ್ಕೆ ಅದಕ್ಕೆ ಬರೀ ಹತ್ತು ವಾರ ಆಗಿರುತ್ತದೆ.

ಇದರಲ್ಲೇ ಇನ್ನೊಂದು ಗುಟ್ಟಿದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಮೈಕ್ರೋಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡದು, ಹೆಗಲ ಮೇಲಿನ ಚರ್ಮದ ಕೆಳಗೆ ಕೂರಿಸುತ್ತಾರೆ, ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಚಿಪ್ ಇಲ್ಲದ ನಾಯಿಗೆ ಹಾಕಿದ ಲಸಿಕೆ ಇದೇ ನಾಯಿಗೆ ಹಾಕಿದ್ದು ಅಂತ ಯಾರು ಹೇಳಬೇಕು? ಅದಕ್ಕೇ ಯುರೋಪಿನಲ್ಲಿ ಚಿಪ್ ಹಾಕುವ ಮೊದಲು ಕೊಟ್ಟ ರೇಬೀಸ್ ಲಸಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೇ ದಿನ ಎರಡೂ ಮಾಡಿಸಿದರೆ ನಡೆಯುತ್ತದೆ, ಚಿಪ್ ಮೊದಲು ಅಷ್ಟೇ. ನಂಬರಿನ ಮೊದಲ ಮೂರು ಅಂಕಿ ಎಷ್ಟೋ ಸಲ ದೇಶದ ಕೋಡ್ ಆಗಿರುತ್ತದೆ, ಜರ್ಮನಿಗೆ 276, ನಮಗೆ 356. 9ರಿಂದ ಶುರುವಾದರೆ ಅದು ಚಿಪ್ ಮಾಡಿದ ಕಂಪನಿಯ ಕೋಡ್, ಗಾಬರಿ ಬೇಡ.

ಈ ನಂಬರಿನ ಬಗ್ಗೆ ನನಗೆ ಸ್ವಲ್ಪ ಹುಚ್ಚೇ ಇದೆ ಅಂತ ನಮ್ಮ ಕಾಂಪೌಂಡರ್ ನಗುತ್ತಾನೆ. ಕಾರಣ ಇದೆ. ಸಾಗರದ ಕಡೆಯ ಒಂದು ಕುಟುಂಬ ಹೊರದೇಶದಿಂದ ನಾಯಿ ತಂದಿತ್ತು. ಎಲ್ಲ ಕಾಗದವೂ ಇತ್ತು, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಒಪ್ಪವಾಗಿ ಜೋಡಿಸಿದ್ದರು. ಆದರೆ ಆರೋಗ್ಯ ಪ್ರಮಾಣಪತ್ರ ಟೈಪ್ ಮಾಡಿದವರು 6 ಇರಬೇಕಾದಲ್ಲಿ 8 ಒತ್ತಿಬಿಟ್ಟಿದ್ದರು. ಸ್ಕ್ಯಾನರ್ ಒಂದು ಹೇಳುತ್ತದೆ, ಕಾಗದ ಇನ್ನೊಂದು. ಆ ಒಂದು ಅಂಕಿಗಾಗಿ ನಾಯಿ ಎರಡು ದಿನ ಬೆಂಗಳೂರಿನಲ್ಲೇ ಉಳಿಯಿತು, ಮನೆಯವರು ಲಾಡ್ಜಿನಲ್ಲಿ. ಹಾಗಾಗಿ ನಿಮ್ಮ ತಮ್ಮ ಡಾಕ್ಟರ ಎದುರೇ ಸ್ಕ್ಯಾನರ್ ಹಿಡಿಸಿ, ಅದರಲ್ಲಿ ಬಂದ ನಂಬರನ್ನು ಪ್ರತಿ ಕಾಗದದ ಪಕ್ಕ ಇಟ್ಟು ಬೆರಳಿಟ್ಟು ಓದಲಿ. ಹದಿನೈದೂ ಅಂಕಿ.

ಈಗ ಕ್ವಾರಂಟೈನ್. ನಿಮಗೆ ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. 30 ದಿನದ ಕ್ವಾರಂಟೈನ್ ನಿಯಮದಲ್ಲಿ ಇದೆ. ಆದರೆ ಅದು ಬರುವ ಎಲ್ಲ ನಾಯಿಗೂ ಅಲ್ಲ. ಕಾಗದ ಸರಿ ಇಲ್ಲದಿದ್ದರೆ, ಲಸಿಕೆಯ ಲೆಕ್ಕ ತಾಳೆಯಾಗದಿದ್ದರೆ, ಇಲ್ಲವೇ ಇಳಿದಾಗ ನಾಯಿಯಲ್ಲಿ ಕಾಯಿಲೆಯ ಲಕ್ಷಣ ಕಂಡರೆ ಇಟ್ಟುಕೊಳ್ಳುತ್ತಾರೆ. ಎಲ್ಲ ಸರಿ ಇದ್ದು ಮರಿ ಚೂಟಿಯಾಗಿದ್ದರೆ, ಅಧಿಕಾರಿ ನೋಡಿ, ಚಿಪ್ ತಾಳೆ ಮಾಡಿ, ಎನ್‌ಒಸಿ, ಅಂದರೆ ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ, ಕೊಟ್ಟು, ಕಸ್ಟಮ್ಸ್ ಮುಗಿಸಿ ಮನೆಗೆ ಕಳಿಸುತ್ತಾರೆ. ಬಿಡಿಸಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಆ 'ಗೊತ್ತಿರುವವರಿಗೆ' ಒಂದು ರೂಪಾಯಿ ಕೊಡಬೇಡಿ. ಹೊಸನಗರದ ಕಡೆಯ ಒಬ್ಬರು 'ಫಾರಿನ್ ಮರಿ' ಅಂತ ಫೋಟೋ ನೋಡಿ ಮುಂಗಡ ಕಟ್ಟಿ, ಆಮೇಲೆ ಕ್ವಾರಂಟೈನ್ ಫೀಸು, ಇನ್ಶೂರೆನ್ಸು, ಎಸಿ ಪೆಟ್ಟಿಗೆಯ ಬಾಡಿಗೆ ಅಂತ ನಾಲ್ಕು ಸಲ ಯುಪಿಐ ಮಾಡಿ, ಕೊನೆಗೆ ನನ್ನ ಹತ್ತಿರ ಬಂದು ಮರಿ ಯಾವಾಗ ಬಿಡುತ್ತಾರೆ ಕೇಳಿ ಅಂದರು. ಮರಿ ಇದ್ದರಲ್ಲವೇ ಬಿಡುವುದು! ಸರ್ಕಾರದ ಫೀಸು ಯಾರದೋ ಸ್ವಂತ ಫೋನ್ ನಂಬರಿಗೆ ಹೋಗುವುದಿಲ್ಲ. ಹೀಗೆ ಯಾರಾದರೂ ಕೇಳಿದರೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಈ ಕ್ವಾರಂಟೈನ್ ಭಯ ಎಲ್ಲಿಂದ ಬಂತು ಅಂದರೆ ಬೇರೆ ದೇಶದ ಕಥೆಗಳಿಂದ. ಬ್ರಿಟನ್ನಿಗೆ ನಾಯಿ ಒಯ್ದರೆ 2000ನೇ ಇಸವಿಯವರೆಗೆ ಆರು ತಿಂಗಳು ಕೂಡಿ ಹಾಕುತ್ತಿದ್ದರು. ಆಸ್ಟ್ರೇಲಿಯಾದವರು ಈಗಲೂ ಮೆಲ್ಬೋರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿ ಕನಿಷ್ಠ 10 ದಿನ ಇಟ್ಟುಕೊಳ್ಳುತ್ತಾರೆ, ನಮ್ಮ ದೇಶದ ನಾಯಿಯನ್ನಂತೂ ಸೀದಾ ಒಳಗೇ ಬಿಡುವುದಿಲ್ಲ. ಅಮೆರಿಕದವರು 2024ರ ಆಗಸ್ಟಿನಿಂದ ಆರು ತಿಂಗಳು ತುಂಬದ ನಾಯಿ ಬೇಡ ಅಂತಾರೆ. ಅವರಿಗೆ ರೇಬೀಸ್ ಭಯ. ಕಚ್ಚಿಸಿಕೊಂಡ ಮೇಲೆ ರೋಗ ಕಾಣಿಸಿಕೊಳ್ಳಲು ಒಂದರಿಂದ ಮೂರು ತಿಂಗಳು ಬೇಕಾಗುವುದು ಸಾಮಾನ್ಯ, ಕೆಲವು ಸಲ ವರ್ಷವೂ ಆಗಬಹುದು, ಹಾಗಾಗಿ ಇವತ್ತು ಆಡುತ್ತಿರುವ ನಾಯಿ ನಾಳೆ ಹೇಗೋ ಗೊತ್ತಿಲ್ಲ ಅನ್ನುವುದು ಅವರ ಲೆಕ್ಕ. ನಿಮ್ಮ ಮರಿ ಬರುತ್ತಿರುವುದು ಉಲ್ಟಾ ದಿಕ್ಕಿನಲ್ಲಿ. ಜರ್ಮನಿಯ ನೆಲದ ಪ್ರಾಣಿಗಳಲ್ಲಿ ರೇಬೀಸ್ ಇಲ್ಲ ಅಂತ 2008ರಲ್ಲೇ ಘೋಷಣೆಯಾಗಿದೆ. ಜಗತ್ತಿನಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರರಲ್ಲಿ ಒಬ್ಬರಷ್ಟು ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಿಜ ಹೇಳಬೇಕೆಂದರೆ ಆ ಮರಿಯಿಂದ ನಮಗೆ ಅಪಾಯ ಕಡಿಮೆ, ನಮ್ಮೂರಿನಿಂದ ಆ ಮರಿಗೇ ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ಯಾರು ತರಬಹುದು ಅನ್ನುವುದು ನಿಮ್ಮ ವಿಷಯದಲ್ಲಿ ಸರಿ ಇದೆ, ಆದರೂ ಹೇಳಿಬಿಡುತ್ತೇನೆ. ಮಾರುವುದಕ್ಕೆ, ಮರಿ ಹಾಕಿಸುವುದಕ್ಕೆ ನಾಯಿ ತರಿಸುವುದನ್ನು ಕೇಂದ್ರ 2016ರಲ್ಲೇ ನಿಲ್ಲಿಸಿದೆ. ಸಾಕುನಾಯಿಯನ್ನು ಲಗೇಜಿನ ಲೆಕ್ಕದಲ್ಲಿ ತರುವ ಅವಕಾಶ ಇರುವುದು ಹೊರದೇಶದಲ್ಲಿ ಎರಡು ವರ್ಷ ಸತತವಾಗಿದ್ದು ವಾಸವನ್ನೇ ಇಲ್ಲಿಗೆ ಬದಲಾಯಿಸುವವರಿಗೆ, ಅದೂ ಒಬ್ಬರಿಗೆ ಎರಡೇ ಪ್ರಾಣಿ. ರಜೆಗೆ ಬರುವವನು ಅಮ್ಮನಿಗೆ ಉಡುಗೊರೆ ಅಂತ ತರುವುದಾದರೆ ವಿದೇಶಿ ವ್ಯಾಪಾರ ನೋಡಿಕೊಳ್ಳುವ ಕೇಂದ್ರದ ಕಚೇರಿ ಡಿಜಿಎಫ್‌ಟಿಯಿಂದ ಲೈಸೆನ್ಸ್ ಬೇಕು. ನಿಮ್ಮ ತಮ್ಮ ಐದು ವರ್ಷ ಇದ್ದು ಪೂರ್ತಿ ಬರುತ್ತಿದ್ದಾನೆ, ಹಾಗಾಗಿ ಬಾಗಿಲು ತೆರೆದಿದೆ. ಒಂದೇ ಷರತ್ತು, ಯುರೋಪಿನವರು ಕೊಡುವ ಆ ನೀಲಿ ಪೆಟ್ ಪಾಸ್‌ಪೋರ್ಟಿನಲ್ಲಿ, ಲಸಿಕೆಯ ದಾಖಲೆಯಲ್ಲಿ, ಎಲ್ಲ ಕಡೆ ಮಾಲೀಕ ಅಂತ ಅವನ ಹೆಸರೇ ಇರಬೇಕು. ಮರಿ ಮಾರಿದವರ ಹೆಸರು ಉಳಿದಿದ್ದರೆ ಈಗಲೇ ಬದಲಾಯಿಸಿಕೊಳ್ಳಲಿ. ಲಗೇಜಿನ ನಿಯಮ ಆಗಾಗ ತಿದ್ದುಪಡಿ ಆಗುತ್ತಿರುತ್ತದೆ, ಹೊಸ ಟಿಕೆಟ್ ಮಾಡುವ ದಿನ ಕಸ್ಟಮ್ಸ್ ವೆಬ್‌ಸೈಟ್ ಒಂದು ಸಲ ನೋಡಿಕೊಳ್ಳಲಿ.

ಶಿವಮೊಗ್ಗಕ್ಕೆ ಸೀದಾ ಇಳಿಸಬಹುದಾ ಅಂತ ಕೇಳಿದ್ದೀರಿ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆದ ಮೇಲೆ ಈ ಪ್ರಶ್ನೆ ನನಗೆ ಜಾಸ್ತಿ ಬರುತ್ತಿದೆ. ಆಗುವುದಿಲ್ಲ. ಹೊರದೇಶದ ನಾಯಿ ಇಳಿಯಬೇಕಾದದ್ದು ಪ್ರಾಣಿ ಕ್ವಾರಂಟೈನ್ ಕಚೇರಿ, ಅಂದರೆ ಎಕ್ಯೂಸಿಎಸ್, ಇರುವ ಊರಿನಲ್ಲೇ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಬೆಂಗಳೂರು, ಈಚೆಗೆ ಕೊಚ್ಚಿ. ನಿಮಗೆ ಬೆಂಗಳೂರೇ ಸೈ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸುಮಾರು ಒಂಬತ್ತು ಗಂಟೆ. ನಡುವೆ ಇನ್ನೊಂದು ದೇಶದಲ್ಲಿ ಇಳಿದು ಹತ್ತುವ ಅಗ್ಗದ ಟಿಕೆಟ್ ಹಿಡಿಯಬೇಡಿ, ಆ ದೇಶದ ನಿಯಮವೂ ತಲೆಗೆ ಸುತ್ತಿಕೊಳ್ಳುತ್ತದೆ.

ಕಾಗದದ ಕೆಲಸ ಹೀಗೆ ಸಾಗುತ್ತದೆ. ರೇಬೀಸ್ ಅಲ್ಲದೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊ ಲಸಿಕೆಗಳೂ ಪುಸ್ತಕದಲ್ಲಿ ಇರಬೇಕು. ಹೊರಡುವ ದಿನ ಹತ್ತಿರವಾದಾಗ ಅಲ್ಲಿನ ಸರ್ಕಾರಿ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕು. ಖಾಸಗಿ ಕ್ಲಿನಿಕ್ಕಿನ ಸಹಿ ಸಾಲದು, ಜಿಲ್ಲೆಯ ಪಶುವೈದ್ಯ ಕಚೇರಿಯ ಮೊಹರು ಬೇಕು. ಆ ಕಚೇರಿಯ ಅಪಾಯಿಂಟ್‌ಮೆಂಟ್ ಮೇ ತಿಂಗಳಲ್ಲೇ ಹಿಡಿದುಕೊಳ್ಳಲಿ. ಮರಿ ಬೆಂಗಳೂರಿಗೆ ಬರುವುದಕ್ಕೆ ಒಂದು ವಾರವಾದರೂ ಮೊದಲು ಎಕ್ಯೂಸಿಎಸ್‌ಗೆ ಪಾಸ್‌ಪೋರ್ಟ್, ಟಿಕೆಟ್, ಲಸಿಕೆ ಪುಟಗಳು, ಮರಿಯ ಫೋಟೋ ಎಲ್ಲ ಕಳಿಸಿ ಮುಂಗಡ ಎನ್‌ಒಸಿ ಪಡೆಯಬೇಕು. ಅದಿಲ್ಲದೆ ವಿಮಾನದವರೇ ಹತ್ತಿಸಿಕೊಳ್ಳುವುದಿಲ್ಲ. ವಿಮಾನ ಮಧ್ಯರಾತ್ರಿ ಇಳಿಯುವುದಾದರೆ ತಪಾಸಣೆಗೆ ಅಧಿಕಾರಿ ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಅದೇ ಸಮಯಕ್ಕೆ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ತಮ್ಮನಿಗೆ ಮುಂದೆ ಎಂದಾದರೂ ನಾಯಿ ಸಮೇತ ಯುರೋಪಿಗೆ ಮರಳುವ ಯೋಚನೆ ಒಂದು ಎಳ್ಳಿನಷ್ಟು ಇದ್ದರೂ, ಹೊರಡುವ ಮೊದಲೇ ರೇಬೀಸ್ ಆಂಟಿಬಾಡಿಯ ರಕ್ತಪರೀಕ್ಷೆ ಮಾಡಿಸಲಿ. ಲಸಿಕೆಯಾಗಿ 30 ದಿನದ ಮೇಲೆ ರಕ್ತ ತೆಗೆಯಬೇಕು, ಫಲಿತಾಂಶ ಮಿಲಿಲೀಟರಿಗೆ 0.5 ಐಯುಗೆ (ಅಂತರರಾಷ್ಟ್ರೀಯ ಯೂನಿಟ್) ಕಡಿಮೆ ಇರಬಾರದು. ಹೇಗೂ ಭಾರತಕ್ಕಾಗಿ 30 ದಿನ ಕಾಯುತ್ತಿರುತ್ತಾನಲ್ಲ, ಅದರ ಬೆನ್ನಿಗೇ ಮಾಡಿಸಬಹುದು. ಇಲ್ಲಿಗೆ ಬಂದ ಮೇಲೆ ಮಾಡಿಸಿದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯದೆ ನಾಯಿ ಯುರೋಪಿನೊಳಗೆ ಹೋಗುವಂತಿಲ್ಲ. ಅಲ್ಲೇ ಮಾಡಿಸಿ, ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಬರೆಸಿಕೊಂಡು ಬಂದರೆ ಆ ಮೂರು ತಿಂಗಳು ಉಳಿಯುತ್ತದೆ. ವರದಿಗೆ ಕಾಯಬೇಕಾಗುವುದರಿಂದ ಜೂನ್ ಕೊನೆಯ ಟಿಕೆಟ್ ಮಾಡಿದರೆ ಒಳ್ಳೆಯದು.

ಪೆಟ್ಟಿಗೆ ಬಗ್ಗೆ ಒಂದೇ ಮಾತು. ಮರಿ ಅದರಲ್ಲಿ ತಲೆ ತಾಗದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇವತ್ತಿನ ಅಳತೆಗೆ ಕೊಳ್ಳಬೇಡಿ, ನಾಲ್ಕೂವರೆ ತಿಂಗಳಿಗೆ ಶೆಫರ್ಡ್ ಮರಿ ಮರಿ ಆಗಿರುವುದಿಲ್ಲ! ಮನೆಗೆ ಬಂದ ದಿನದಿಂದಲೇ ಪೆಟ್ಟಿಗೆ ಬಾಗಿಲು ತೆಗೆದಿಟ್ಟು ಊಟ ಅದರೊಳಗೇ ಹಾಕಲಿ, ಆಮೇಲೆ ವಿಮಾನ ಅದಕ್ಕೆ ತನ್ನ ಕೋಣೆಯೇ ಅನ್ನಿಸುತ್ತದೆ. ನಿದ್ದೆ ಮಾತ್ರೆ ಮಾತ್ರ ಕೊಡಬಾರದು. ಅಷ್ಟು ಎತ್ತರದಲ್ಲಿ ರಕ್ತದೊತ್ತಡ ಇಳಿದರೆ, ಉಸಿರು ಕಟ್ಟಿದರೆ, ನೋಡುವವರು ಯಾರೂ ಇರುವುದಿಲ್ಲ.

ಸರಿ, ಜೂನ್ ಕೊನೆ ಅಂದೆ. ಜೂನ್ ಕೊನೆಯಲ್ಲಿ ತೀರ್ಥಹಳ್ಳಿ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾ ಮಾರಾಯ್ರೆ. ನನ್ನ ಪ್ರಕಾರ ನಿಜವಾದ ಕ್ವಾರಂಟೈನ್ ಶುರುವಾಗುವುದು ಇಲ್ಲಿ. ಸರ್ಕಾರ ಬಿಟ್ಟು ಕಳಿಸಿದ ಆ 30 ದಿನವನ್ನು ನೀವೇ ಮನೆಯಲ್ಲಿ ಮಾಡಬೇಕು. ತೋಟಕ್ಕೆ ಬಿಡಬೇಡಿ, ಬ್ಯಾಣದ ಹುಲ್ಲುಗಾವಲಿಗೆ ಬಿಡಬೇಡಿ, ಊರ ನಾಯಿಗಳ ಜೊತೆ ಬೇಡ. ಜಗಲಿ, ಒಳಮನೆ, ಅಂಗಳದಲ್ಲಿ ಹಗ್ಗ ಹಿಡಿದು ಒಂದು ಸುತ್ತು. ಇಷ್ಟೇ.

ಯಾಕೆ ಅಂದರೆ ಮೊದಲನೆಯದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ನಮ್ಮ ನಾಯಿಗಳಿಗೆ ಮರಿಯಿಂದಲೇ ಇದರ ಒಡನಾಟ, ಹೇಗೋ ಸ್ವಲ್ಪ ತಡೆದುಕೊಳ್ಳುತ್ತವೆ. ಹೊರಗಿನಿಂದ ಬಂದ ನಾಯಿಗೆ ಬಬೀಸಿಯಾ, ಎರ್ಲಿಕಿಯಾ ತರಹದ ಉಣುಗಿನ ಜ್ವರ ಬಂದರೆ ಬೇಗ ಕುಸಿಯುತ್ತದೆ. ದಿನಾ ಸಂಜೆ ಕಿವಿ ಒಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಬೆರಳುಗಳ ಸಂದಿಯಲ್ಲಿ ಕೈಯಾಡಿಸಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿ ಕೆಂಡ ತಾಗಿಸುವುದು, ಉಗುರಲ್ಲಿ ಕುಕ್ಕುವುದು ಯಾವುದೂ ಬೇಡ. ಒಸಡನ್ನು ಮೇಲೆತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ದಾಸವಾಳದ ಮೊಗ್ಗಿನ ತುದಿಯ ಹಾಗೆ ತಿಳಿ ಕೆಂಪಿದ್ದರೆ ಸರಿ, ಬಾಳೆದಿಂಡಿನ ಹಾಗೆ ಬಿಳಿಚಿದ್ದರೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ ಇದ್ದರೆ, ಮೂಗಿನಲ್ಲಿ ರಕ್ತ ಬಂದರೆ, ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.

ಮಂಗನ ಕಾಯಿಲೆ ಬಗ್ಗೆ ಅಮ್ಮ ಖಂಡಿತ ಕೇಳುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗದ ಕಾಲ ಡಿಸೆಂಬರಿನಿಂದ ಮೇವರೆಗೆ. ಅದು ಹರಡುವುದು ಉಣುಗಿನಿಂದ. ನಾಯಿಯಿಂದ ನೇರ ಬರುವುದಿಲ್ಲ, ಆದರೆ ಕಾಡು ಸುತ್ತಿ ಬಂದ ನಾಯಿ ಮೈ ಮೇಲೆ ಉಣುಗು ಹೊತ್ತು ತಂದು ಅಮ್ಮನ ಚಾಪೆ ಹತ್ತಿರ ಉದುರಿಸಬಹುದು. ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಉಣುಗಿನ ಮಾತ್ರೆ ತಪ್ಪಿಸಬೇಡಿ. ಆಶಾ ಕಾರ್ಯಕರ್ತೆಯರು ಕೊಡುವ ಎಣ್ಣೆ ಮನುಷ್ಯರಿಗೆ, ನಾಯಿಗೆ ಹಚ್ಚಬೇಡಿ, ಅದು ನೆಕ್ಕುತ್ತದೆ.

ಎರಡನೆಯದು ಇಲಿ ಜ್ವರ. ಲೆಪ್ಟೊ. ನಿಂತ ನೀರು, ತೋಟದ ಕಪ್ಪು (ನೀರು ಹರಿಯುವ ಕಾಲುವೆ), ಇಲಿ ಓಡಾಡುವ ಅಡಿಕೆ ಅಟ್ಟ, ಇವೆಲ್ಲ ಅದರ ಮನೆ. ನೀಲಿ ಪುಸ್ತಕದಲ್ಲಿ ಲಸಿಕೆಯ ಸ್ಟಿಕ್ಕರಿನ ಮೇಲೆ 'ಎಲ್' ಅಥವಾ 'ಎಲ್4' ಇದೆಯಾ, ಎರಡು ಡೋಸ್ ಆಗಿದೆಯಾ ನೋಡಿ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಮತ್ತೆ ಹಾಕಿಸಬೇಕು.

ಮೂರನೆಯದನ್ನು ಊರಿನವರೇ ಮರೆಯುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯ ಅದು. ಮೈಲುತುತ್ತ ಕಲಸಿದ ಡ್ರಮ್ಮು ಅಂಗಳದಲ್ಲೇ ಇರುತ್ತದೆ, ಸುತ್ತ ನೀಲಿ ನೀರು ನಿಂತಿರುತ್ತದೆ, ಮರಿ ನಾಲಿಗೆ ಹಾಕುವುದಕ್ಕೆ ಒಂದು ನಿಮಿಷ ಸಾಕು. ಔಷಧಿ ಹೊಡೆಯುವ ದಿನ ಮರಿ ಒಳಗೇ ಇರಲಿ.

ಉದ್ದ ಕೂದಲು ಅಂದಿದ್ದೀರಿ, ಅಲ್ಲೇ ನನಗೆ ಸ್ವಲ್ಪ ಬೇಸರ. ಈ ತಳಿ ಚಳಿ ತಡೆಯುತ್ತದೆ, ಆದರೆ ನಾಲ್ಕು ತಿಂಗಳ ತೇವ ತಡೆಯುವುದಿಲ್ಲ. ಕೂದಲ ಬುಡ ಒಣಗದೆ ಚರ್ಮ ಹುಣ್ಣಾಗುತ್ತದೆ. ಬೋಳಿಸಬೇಡಿ, ಹಳೇ ಟವೆಲ್‌ನಿಂದ ಬುಡದವರೆಗೆ ಒರೆಸಿ. ನಿಮ್ಮ ಬಚ್ಚಲ ಒಲೆ ಮಳೆಗಾಲ ಪೂರ್ತಿ ಉರಿಯುತ್ತಿರುತ್ತದಲ್ಲ, ಅದರಿಂದ ನಾಲ್ಕು ಮಾರು ದೂರ ಮಲಗಲು ಒಂದು ಗೋಣಿ ಹಾಸಿ. ಯಾಕೆ ಹೊರದೇಶದ ನಾಯಿ, ನಮ್ಮದೇ ಮುಧೋಳ ಇರಲಿಲ್ವಾ ಅಂತ ಕೆಲವರು ನಿಮ್ಮ ತಮ್ಮನನ್ನು ಕೆಣಕಬಹುದು. ತೆಳು ಮೈಯ ಆ ಬಯಲುಸೀಮೆ ನಾಯಿಗೂ ನಮ್ಮ ಜುಲೈ ಇಷ್ಟ ಆಗುವುದಿಲ್ಲ, ಅದನ್ನೂ ನೋಡಿದ್ದೇನೆ. ಮರಿ ಬರೀ ಶೋಕಿಗಾಗಿದ್ದರೆ ಬೇಡ ಅನ್ನುತ್ತಿದ್ದೆ. ಆದರೆ ಏಪ್ರಿಲ್ 7ರಿಂದ ಜೂನ್ ಕೊನೆಯವರೆಗೆ ಅವನ ಜೊತೆ ಬೆಳೆದ ನಾಯಿಯನ್ನು ಅಲ್ಲೇ ಬಿಟ್ಟು ಬಾ ಅನ್ನಲು ನನಗೆ ಬಾಯಿ ಬರುವುದಿಲ್ಲ. ರಾತ್ರಿ ಮಾತ್ರ ಹೊರಗೆ ಕಟ್ಟಬೇಡಿ, ನಿಮ್ಮ ಕಡೆ ಚಿರತೆ ಮೊದಲು ಹುಡುಕುವುದೇ ಕಟ್ಟಿದ ನಾಯಿಯನ್ನು.

ಅಮ್ಮನಿಗೆ ಹೇಳಿ, ಮರಿ ಬರಲು ಇನ್ನೂ ಮೂರು ತಿಂಗಳಿದೆ, ಈಗ ಅದಕ್ಕೆ ಇಲ್ಲಿಂದ ಮಾಡುವಂಥದ್ದು ಏನೂ ಇಲ್ಲ. ಮಾಡಬೇಕಾದದ್ದು ಇರುವುದು ಕರಿಯನಿಗೆ. ಅವನ ಹೆಸರನ್ನು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ, ಲಸಿಕೆ ಆಗಿದೆಯಾ ಇಲ್ಲವಾ ಬರೆದಿಲ್ಲ. ಆಗಿಲ್ಲ ಅಂತಲೇ ನನ್ನ ಅನುಮಾನ. ಮರಿ ಮೂಸುವ ಮೊದಲ ನಾಯಿ ಅವನೇ. ರೇಬೀಸ್, ಲೆಪ್ಟೊ, ಜಂತು ಔಷಧಿ, ಉಣುಗಿನ ಮಾತ್ರೆ ಎಲ್ಲ ಏಪ್ರಿಲ್‌ನಲ್ಲೇ ಮುಗಿಯಲಿ. ತೀರ್ಥಹಳ್ಳಿಯ ಪಶು ಆಸ್ಪತ್ರೆಗೇ ಕರೆದುಕೊಂಡು ಹೋಗಬಹುದು. ಜೀಪಿನಲ್ಲಿ ಕೂರಿಸುವುದು ಕಷ್ಟ ಅಂದರೆ ಹಿಂದಿನ ರಾತ್ರಿ ಊಟ ಸ್ವಲ್ಪ ಕಮ್ಮಿ ಹಾಕಿ, ಬೆಳಿಗ್ಗೆ ಒಂದು ಒಣಮೀನು ಹಿಡಿದು ಕರೆಯಿರಿ.